ಗೃಹಪ್ರವೇಶಕ್ಕೊಂದು ಎದೆ

ಚಿಕ್ಕಬಾಣಾವರದಲ್ಲಿ ನಾವು ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಒಂದು ತಿಂಗಳಿತ್ತು. ಮನೆ ಸಿದ್ಧವಾಗಿತ್ತು. ಯಜಮಾನನ ಎದೆ ಮಾತ್ರ ಆಗಿರಲಿಲ್ಲ.

ಪೂಜೆಗೆ ನಾನು ಪಂಚೆಯುಟ್ಟು, ಬರಿಮೈಯಲ್ಲಿ, ಮಾವನ ಮನೆಯ ಅಷ್ಟೂ ಜನರ ಎದುರು ಕೂರಬೇಕು. ಅವರಲ್ಲಿ ನನ್ನ ಷಡ್ಡಕ ಪ್ರಕಾಶನೂ ಇರುತ್ತಾನೆ. ವೈಟ್‌ಫೀಲ್ಡಿನ ಜಿಮ್ಮಿನಲ್ಲಿ ಬೆಳೆದ ದೇಹ. ಅವನ ಎದೆಯ ಮೇಲೆ ಶರ್ಟಿನ ಗುಂಡಿಗಳು ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತವೆ. ಹೋದ ಸಲ ಮಾವನ ಮನೆಯ ಪೂಜೆಯಲ್ಲಿ ಅತ್ತೆಯವರು ಬರಿಮೈಯ ನನ್ನನ್ನು ನೋಡಿ, "ಅಳಿಯಂದ್ರಿಗೆ ಇನ್ನೊಂದು ಹೋಳಿಗೆ ಹಾಕ್ರಮ್ಮ" ಎಂದಿದ್ದರು. ನನಗೆ ಬಹಳ ಬೇಜಾರಾಗಿತ್ತು. ಹೋಳಿಗೆ ತಿಂದೆ, ಆ ಮಾತು ಬೇರೆ.

"ಬರೋರು ಮನೆ ನೋಡೋಕೆ ಬರ್ತಾರೆ ಕಣ್ರೀ, ನಿಮ್ಮ ಎದೆ ನೋಡೋಕಲ್ಲ" ಎಂದಳು ಹೆಂಡತಿ ಸುಮಾ.

"ಎರಡೂ ನೋಡ್ಲಿ ಬಿಡು" ಎಂದೆ.

ಜಿಮ್ಮು ಬೇಡ, ಪುಶ್‌ಅಪ್ ಮಾಡಲು ನೆಲದ ಮೇಲಿಡುವ ಎರಡು ಹಿಡಿಕೆ ಇದ್ದರೆ ಸಾಕು ಎಂದು ಮೊಬೈಲಿನಲ್ಲಿ ಒಬ್ಬ ಹೇಳಿದ. ಅದನ್ನು ಅಂಗಡಿಯಲ್ಲಿ ಕೊಳ್ಳುವುದೇ? ನಾನು ಪೀಣ್ಯದ ಕಾರ್ಖಾನೆಯೊಂದರ ಕ್ವಾಲಿಟಿ ಇನ್‌ಸ್ಪೆಕ್ಟರ್! ಮ್ಯಾನೇಜರನ್ನು ಕೇಳಿ, ಗುಜರಿ ರಾಡು ಆರಿಸಿ, ಲೇತಿನಲ್ಲಿ ಹಿಡಿಕೆ ಮಾಡಿಸಿದೆ. ಮೊದಲ ಜೋಡಿ ಒರಟಾಗಿತ್ತು. ರಿಜೆಕ್ಟ್. ಮುಂದಿನ ಜೋಡಿಯಲ್ಲಿ ಒಂದು ಹಿಡಿಕೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದಪ್ಪ. ಅದೂ ರಿಜೆಕ್ಟ್. ಕೊನೆಯದನ್ನು ಮುಖ ಕಾಣುವಂತೆ ಪಾಲಿಶ್ ಮಾಡಿಸಿ, ತುಕ್ಕು ಹಿಡಿಯದಿರಲಿ ಎಂದು ನಮ್ಮ ಪದ್ಧತಿಯಂತೆ ಎಣ್ಣೆ ಸವರಿ ಪಾಸ್ ಮಾಡಿದೆ. ಇಷ್ಟಾಗುವ ಹೊತ್ತಿಗೆ ಗೃಹಪ್ರವೇಶ ನಾಳಿದ್ದು.

ನಡುಮನೆಯಲ್ಲಿ ಹಿಡಿಕೆಗಳನ್ನಿಟ್ಟು ಪುಶ್‌ಅಪ್ ಶುರು ಮಾಡಿದೆ. ಕೆಳಗಿಳಿದದ್ದು ಸೊಗಸಾಗಿಯೇ ಇತ್ತು. ಏಳುವಾಗ ಎಣ್ಣೆಯ ಮೇಲೆ ಎಡಗೈ ಜಾರಿತು. ಹಿಡಿಕೆಯ ಮೇಲೆಯೇ ಎದೆ ಕೊಟ್ಟು ಬಿದ್ದೆ. ಹಿಡಿಕೆಗೆ ಒಂದು ಗೀರೂ ಆಗಲಿಲ್ಲ. ಅಂಥ ಕ್ವಾಲಿಟಿ.

"ಮೂಳೆ ಸರಿಯಾಗಿದೆ, ಬಾವು ನಿಧಾನಕ್ಕೆ ಇಳಿಯುತ್ತೆ" ಎಂದರು ಡಾಕ್ಟರು.

ಪೂಜೆಯ ದಿನ ಎಡಗಡೆಯ ಎದೆ ಭರ್ಜರಿಯಾಗಿ ಊದಿತ್ತು. ಬಲಗಡೆ ಎಂದಿನಂತೆ ಬಡಪಾಯಿ. ಪ್ರಕಾಶ ಹಿಂದಿನಿಂದ ಬಗ್ಗಿ, "ಅಣ್ಣ, ಎಡಗಡೆ ಸಕ್ಕತ್ತಾಗಿ ಬಂದಿದೆ. ಬಲಗಡೆ ಯಾವಾಗಿಂದ?" ಎಂದು ಕಿವಿಯಲ್ಲಿ ಕೇಳಿದ.

ಅಷ್ಟರಲ್ಲಿ ಪುರೋಹಿತರು, "ಬಲಗೈಯಿಂದ ಹೃದಯ ಮುಟ್ಕೊಳ್ಳಿ" ಎಂದರು. ಭಕ್ತಿಯಿಂದ ಮುಟ್ಟಿಕೊಂಡೆ.

"ಅಯ್ಯಯ್ಯಮ್ಮಾ!"

"ಅದು ಮಂತ್ರದಲ್ಲಿಲ್ಲ ಸಾರ್" ಎಂದರು ಪುರೋಹಿತರು.

ಇಡೀ ಮಾವನ ಮನೆ ನಕ್ಕಿತು. ವಿಷಯ ತಿಳಿದ ಪ್ರಕಾಶ ಮಾತ್ರ ಆಮೇಲೆ ನಗಲಿಲ್ಲ. ಬಾವು ಇಳಿದ ಮೇಲೆ ತಾನೇ ಬಂದು, ಗೋಡೆಗೆ ಕೈಕೊಟ್ಟು ನೂಕುವುದನ್ನು ಹೇಳಿಕೊಟ್ಟ. ಹಿಡಿಕೆ ಬೇಡ, ಏನೂ ಬೇಡ. ಒಳ್ಳೆಯ ಹುಡುಗ. ನಾನೇ ಸುಮ್ಮನೆ ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ.

ಈಗ ದಿನಾ ಬೆಳಿಗ್ಗೆ ನೂಕುತ್ತೇನೆ. ಎದೆ ಬಂದೇ ಬರುತ್ತದೆ ಎಂಬ ನಂಬಿಕೆ ನನಗಿದೆ.

"ಹೊಸ ಗೋಡೆ ಕಣ್ರೀ, ಹುಷಾರು" ಎನ್ನುತ್ತಾಳೆ ಸುಮಾ.

ಅವಳಿಗೆ ಆ ಚಿಂತೆ ಬೇಡ. ನಾನು ನೂಕುತ್ತಿರುವುದು ಗೋಡೆಗೆ ಇನ್ನೂ ಗೊತ್ತಾಗಿಲ್ಲ.