ಬನ್ನಿಗಿಡವಿಲ್ಲದ ಒಡ್ಡು

ಒಂದು ಊರನ್ನು ತಿಳಿಯಬೇಕಾದರೆ ಅಲ್ಲಿಯ ಗಂಡಸರನ್ನು ಕೇಳಬೇಕು. ಹೆಂಗಸರನ್ನು ಕೇಳಿದರೆ ಬೇರೊಂದು ಊರೇ ಸಿಗುತ್ತದೆ. ಮೊಮ್ಮಕ್ಕಳೇ, ಇದು ನಾನು ಬಾಳಿ ಕಂಡುಕೊಂಡ ಮಾತು. ಹೆಂಗಸರಿಗೆ ಊರು ಗೊತ್ತಿಲ್ಲವೆಂದಲ್ಲ. ತಲೆಯ ಮೇಲೆ ಬುತ್ತಿ ಹೊತ್ತು ಹೊಲಕ್ಕೆ ತಿರುಗಿದ ನನ್ನಂಥವಳು ದಾಟದ ಬದುವಿಲ್ಲ, ನನ್ನ ಕಾಲಿಗೆ ಚುಚ್ಚದ ಜಾಲಿಯಿಲ್ಲ. ಆದರೆ ಗೊತ್ತಿದ್ದುದನ್ನು ಬಾಯಿಬಿಟ್ಟು ಹೇಳಲು ನಮಗೆ ಅಪ್ಪಣೆ ಇರಲಿಲ್ಲ. ಗಂಡನ ಹೆಸರು ತೆಗೆಯಬಾರದು, ಮಾವನ ಹೆಸರು ತೆಗೆಯಬಾರದು, ಭಾವಂದಿರ ಹೆಸರಂತೂ ಕನಸಿನಲ್ಲೂ ಬರಬಾರದು. ಬರೀ ಮನುಷ್ಯರ ಹೆಸರಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ನಮ್ಮ ಕಡೆ ಮನುಷ್ಯರಿಗೂ ದೇವರ ಹೆಸರೇ, ಗುಡಿ, ಗುಡ್ಡ, ಬಾವಿ, ಹೊಲಗಳಿಗೂ ಅದೇ ದೇವರ ಹೆಸರೇ. ಹೀಗಾಗಿ ನಾನು ಲಗ್ನವಾಗಿ ಈ ಊರಿಗೆ ಕಾಲಿಟ್ಟ ದಿನವೇ ಅರ್ಧ ಊರು ನನ್ನ ನಾಲಿಗೆಯಿಂದ ಅಳಿಸಿಹೋಯಿತು.

ನನ್ನ ಮಾವನವರದು ಎತ್ತಿನ ರೂಪದ ದೇವರ ಹೆಸರು. ಊರಬಾಗಿಲು ಅಗಸಿಯ ಬಳಿ ಇರುವ ಆ ದೇವರ ಗುಡಿಗೆ ನಾನು ‘ಕೋಡಿನ ದೇವರ ಗುಡಿ’ ಎನ್ನುತ್ತಿದ್ದೆ. ಸವದತ್ತಿಗೆ ಹೋಗುವ ಸರಕಾರಿ ಗಾಡಿ ಊರಿಗೆ ಬರತೊಡಗಿದಾಗ, ಅದರ ಹೆಸರೂ ಮಾವನವರ ಹೆಸರಿನಂತೆಯೇ ಶುರುವಾಗುತ್ತದೆ ಎಂದು ಅತ್ತೆ ಪತ್ತೆ ಹಚ್ಚಿದರು. ಅಂದಿನಿಂದ ಅದು ನನಗೆ ಮೋಟಾರು. ನನ್ನ ಗಂಡನದು ಶ್ರೀಶೈಲದ ದೇವರ ಹೆಸರು. ಅದನ್ನು ಹೋಲುತ್ತದೆಂದು ಘಮಘಮಿಸುವ ಒಂದು ಹೂವನ್ನು ಜೀವಮಾನವಿಡೀ ‘ಬಿಳಿ ಹೂ’ ಎಂದೇ ಕೊಂಡು ಮುಡಿದೆ. ನಮ್ಮ ಹೊಳೆಯ ಹೆಸರಿನ ಮೊದಲೆರಡು ಅಕ್ಷರಗಳೂ ಅಪಾಯದವೇ. ಆದ್ದರಿಂದ ಅದು ಬರೀ ಹೊಳೆ. ಒಮ್ಮೆ ಧೈರ್ಯ ಮಾಡಿ, “ಅತ್ತೀ, ಮನೋಳಿನೂ ಅದ ಅಕ್ಷರದಿಂದನ ಸುರು ಆಗತೈತಲ್ರಿ?” ಎಂದು ಕೇಳಿದೆ. “ಅದು ನನ್ನ ತವರಮನಿ ಊರು. ಅದಕ್ಕೇನೂ ಆಗೂದಿಲ್ಲ,” ಎಂದು ಅವರು ಜೋಳ ಬೀಸುವುದನ್ನು ಮುಂದುವರಿಸಿದರು. ಶಾಸ್ತ್ರಗಳೆಲ್ಲ ಹೀಗೇ ಎಲ್ಲೋ ಒಂದು ಕಡೆ ತವರುಮನೆಯ ಮುಂದೆ ನಿಂತುಬಿಡುತ್ತವೆ.

ಊರೆಂದರೆ ಅಂಥ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಮೂಡಲಿಗೆ ಹೊಳೆಯತನಕ ಕರಿ ಎರೆ ಹೊಲ; ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿ ಅದರದು, ಕಾಲು ನಮ್ಮದು. ಪಡುವಲಿಗೆ ಕೆಂಪು ಮಸಾರಿ ನೆಲ, ಅದರಾಚೆ ಹಾಸುಗಲ್ಲಿನ ಬೋಳು ಗುಡ್ಡ. ಗುಡ್ಡದ ಮೇಲೆ ಹುಡೇ ಇದೆ, ಎಂದರೆ ಹಿಂದಿನವರು ಕಾವಲು ಕಾಯಲು ಕಟ್ಟಿದ ಗುಂಡು ಗೋಪುರ. ಕಿತ್ತೂರಿನ ಕಾಲದ್ದೆಂದು ಗಂಡಸರು ಹೇಳುತ್ತಾರೆ. ನಮ್ಮಲ್ಲಿ ಯಾವುದು ಯಾವಾಗಿನದೆಂದು ತಿಳಿಯದಿದ್ದರೆ ಅದು ಕಿತ್ತೂರಿನ ಕಾಲದ್ದು. ಈಗ ಅದರ ಕಲ್ಲುಗಳಲ್ಲಿ ಹೆಚ್ಚಿನವು ಊರಿನ ದನದ ಕೊಟ್ಟಿಗೆಗಳಲ್ಲಿವೆ. ಕೋಡಿನ ದೇವರ ಗುಡಿಯ ಹಿಂದೆ ಮೂರು ವೀರಗಲ್ಲುಗಳು ಹುಗಿದು ನಿಂತಿವೆ. ಕತ್ತಿ ಹಿಡಿದವನು ಯಾರು, ಯಾವ ದನ ಕಾಯಲು ಹೋಗಿ ಸತ್ತ, ಒಬ್ಬರಿಗೂ ತಿಳಿಯದು. ಅಮವಾಸ್ಯೆಗೆ ಎಣ್ಣೆ ಹಚ್ಚುತ್ತೇವೆ. ಸತ್ತವನ ಹೆಸರು ಹೋದರೂ ಎಣ್ಣೆ ನಿಂತಿಲ್ಲವಲ್ಲ ಎಂದು ನನಗೆ ಮೊದಲು ಸಮಾಧಾನವಾಗುತ್ತಿತ್ತು. ಈಗ ಆ ಕಲ್ಲುಗಳ ಮುಂದೆ ನಿಂತರೆ, ಅವನ ಹೆಂಡತಿಯೂ ನನ್ನಂಥವಳೇ ಇದ್ದಿರಬೇಕು ಎನಿಸುತ್ತದೆ.

ಗುಡ್ಡದ ಬುಡದಲ್ಲಿ ಒಂದು ಹಳ್ಳವಿದೆ. ಮಳೆ ಬಂದಾಗ ಮಸಾರಿಯ ಮಣ್ಣನ್ನೆಲ್ಲ ಬಾಚಿಕೊಂಡು ಓಡುತ್ತಿತ್ತು. ನಿಮ್ಮ ಅಜ್ಜ ಅದಕ್ಕೆ ಅಡ್ಡಲಾಗಿ ಒಂದು ಒಡ್ಡು ಕಟ್ಟಿದರು. ಯಾರೂ ಕಟ್ಟೆಂದು ಹೇಳಿರಲಿಲ್ಲ. ಕಟ್ಟಬೇಡವೆಂದು ಹೇಳಿದವರು ಬಹಳ ಜನ, ಅವರಲ್ಲಿ ನಾನೂ ಒಬ್ಬಳು. ಹೊಲದ ಕೆಲಸ ಮುಗಿಸಿ ಗುಡ್ಡದ ಕಲ್ಲು ಉರುಳಿಸಿ ತಂದು, ಒಂದರ ಮೇಲೊಂದು ಕೂಡಿಸಿ, ಸಂದಿಗೆ ಚಕ್ಕೆ ಬಡಿದು, ಬೇಸಿಗೆ ಬೇಸಿಗೆ ಅದೇ ಕೆಲಸ. ಎರಡು ಸಲ ಹಳ್ಳ ಅದನ್ನು ಕಿತ್ತುಕೊಂಡು ಹೋಯಿತು. ಮೂರನೆಯ ಸಲ ನಿಂತಿತು. ಮೇಲಿನ ನಾಲ್ಕು ಮನೆಗಳವರ ಹೊಲದಲ್ಲಿ ಮಣ್ಣು ಉಳಿಯಿತು, ಬಾವಿಗಳಲ್ಲಿ ನೀರು ಕಂಡಿತು. ಆಗ ಊರವರು ಒಡ್ಡನ್ನು ನಿಮ್ಮ ಅಜ್ಜನ ಹೆಸರಿನಿಂದಲೇ ಕರೆಯತೊಡಗಿದರು. ಇವರು ಕೇಳಿಸದವರಂತೆ ಮುಖ ಮಾಡುತ್ತಿದ್ದರು. ಆದರೆ ಪೇಟೆಯಿಂದ ಬರುವಾಗ ಹತ್ತಿರದ ದಾರಿ ಬಿಟ್ಟು ಒಡ್ಡಿನ ದಾರಿಯಲ್ಲೇ ಬರುತ್ತಿದ್ದರು. ನಾನಂತೂ ಆ ಹೆಸರು ಹೇಳುವ ಹಾಗಿರಲಿಲ್ಲ. ದಂಡೆಯಲ್ಲಿ ಒಂದು ಬನ್ನಿಗಿಡವಿತ್ತು, ಅದರಿಂದ ನನಗೆ ಅದು ‘ಬನ್ನಿಗಿಡದ ಒಡ್ಡು’. ತೊಂಬತ್ತರ ದಶಕದ ಕೊನೆಗೆ ಜ್ವರವೆಂದು ಹಾಸಿಗೆ ಹಿಡಿದವರು ಏಳಲಿಲ್ಲ. ಅವರದೊಂದು ಒಳ್ಳೆಯ ಫೋಟೋ ಕೂಡ ನಮ್ಮಲ್ಲಿಲ್ಲ. ಇದ್ದ ಒಂದರಲ್ಲಿ ಅರ್ಧ ಮುಖ ತಲೆಗೆ ಸುತ್ತಿದ ಪಟಗದ ನೆರಳಿನಲ್ಲಿದೆ. ಉಳಿದದ್ದು ಆ ಒಡ್ಡು, ಒಡ್ಡಿಗಿದ್ದ ಆ ಹೆಸರು.

ಅವರು ಹೋಗಿ ನಾಲ್ಕೈದು ವರ್ಷಕ್ಕೆ ಬೈಲಹೊಂಗಲ ಕಡೆಯ ಒಂದು ಕಾಲೇಜಿನ ಮಕ್ಕಳು ಶಿಬಿರಕ್ಕೆಂದು ಊರಿಗೆ ಬಂದರು. ಗಟಾರು ಬಳಿದರು, ಸಾಲಿಯ ಅಂಗಳದಲ್ಲಿ ಸಸಿ ನೆಟ್ಟರು (ಸಸಿಗಳನ್ನು ಆಡುಗಳು ಅದೇ ವಾರ ಮುಗಿಸಿದವು), ಕೊನೆಗೆ ಚಾವಡಿಯ ಗೋಡೆಯ ಮೇಲೆ ನಮ್ಮ ಊರಿನ ದೊಡ್ಡ ನಕಾಶೆ ಬರೆಯುತ್ತೇವೆಂದರು. ಗುಡ್ಡ, ಹಳ್ಳ, ಬಾವಿ, ಹಳೆಯ ಕಲ್ಲು, ಎಲ್ಲಕ್ಕೂ ಹೆಸರು ಬೇಕು. ಮೂಡಲ ಭಾಗವನ್ನು ಕಟ್ಟೆಯ ಮೇಲೆ ಕುಳಿತ ಗಂಡಸರು ಹೇಳಿದರು. ಪಡುವಲ ಕಡೆಗೆ ಹೊಲ ಇದ್ದವರು ನಾವು, ಆದ್ದರಿಂದ ಒಬ್ಬ ಹುಡುಗಿ ಹಾಳೆ ಪೆನ್ನು ಹಿಡಿದು ನಮ್ಮ ಮನೆಗೆ ಬಂದಳು. ಹೊಸಬರ ಮುಂದೆ ನನ್ನ ಸೆರಗು ತಾನಾಗಿ ಮುಂದೆ ಬರುತ್ತದೆ, ಧ್ವನಿ ತಾನಾಗಿ ಹಿಂದೆ ಹೋಗುತ್ತದೆ.

“ಅಮ್ಮಾರ, ಗುಡ್ಡದ ಕೆಳಗ ಕಲ್ಲಿನ ಒಡ್ಡು ಐತಲ್ಲ, ಅದಕ್ಕೇನಂತಾರ್ರಿ?”

“ಬನ್ನಿಗಿಡದ ಒಡ್ಡು,” ಎಂದೆ. ಯೋಚನೆ ಕೂಡ ಮಾಡಲಿಲ್ಲ. ವರ್ಷಗಟ್ಟಲೆ ಹೇಳಿದ ಬಾಯಿ, ಅದರಷ್ಟಕ್ಕೆ ಅದು ಹೇಳಿಬಿಟ್ಟಿತು. ಹುಡುಗಿ ಬರೆದುಕೊಂಡು, ಚಹಾ ಕುಡಿದು, “ಭಾಳ ಉಪಕಾರ ಆತ್ರಿ” ಎಂದು ಹೋದಳು.

ಮರುದಿನ ನೀರಿಗೆ ಹೋದಾಗ ಗೋಡೆ ನೋಡಿದೆ. ನೀಲಿ ಹೊಳೆ, ಕಂದು ಗುಡ್ಡ, ಹುಡೇ, ಹಳ್ಳ. ಹಳ್ಳಕ್ಕೆ ಅಡ್ಡಲಾಗಿ ಒಂದು ಗೆರೆ. ಗೆರೆಯ ಪಕ್ಕದಲ್ಲಿ ನನ್ನ ಬಾಯಿಂದ ಬಂದ ಹೆಸರು ದಪ್ಪಕ್ಷರದಲ್ಲಿ ಕುಳಿತಿತ್ತು. ಕೈಯ ಕೊಡ ಕೆಳಗಿಟ್ಟೆ. ಜೊತೆಗಿದ್ದ ನನ್ನ ನೆಗೆಣ್ಣಿ ಗಂಗವ್ವ, ನಿಮ್ಮ ಸಣ್ಣಜ್ಜನ ಹೆಂಡತಿ, ಅದನ್ನು ನನ್ನಿಂದಲೇ ಓದಿಸಿಕೊಂಡು ನನ್ನ ಮುಖ ನೋಡಿದಳು.

“ಯಕ್ಕಾ, ಇದೇನ ಇದು? ಭಾವನೋರ ಹೆಸರ ಎಲ್ಲಿ ಹೋತು?”

“ನಾನ ಹೇಳೇನಿ ಹಿಂಗ.”

“ಹೇಳಿದ್ದು ಹೇಳಿದಿ, ಈಗ ತಿದ್ದಸು ನಡಿ. ಆ ಹುಡುಗಿ ಅಲ್ಲೇ ನಿಂತೈತಿ.”

ತಿದ್ದಿಸುವುದಕ್ಕೆ ಹೆಸರು ಹೇಳಬೇಕಲ್ಲ. ನನಗೆ ಗಂಡ, ಗಂಗವ್ವನಿಗೆ ಭಾವ. ಇಬ್ಬರ ಬಾಯಿಗೂ ಒಂದೇ ಬೀಗ. ಅವಳ ಗಂಡ ಇದ್ದಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಅವನು ದೇವರ ಕಂಬಿ ಹೊತ್ತ ಯಾತ್ರಿಕರ ಜೊತೆ ಶ್ರೀಶೈಲಕ್ಕೆ ನಡೆದು ಹೋಗಿದ್ದ. ನಿಮ್ಮ ಅಪ್ಪ ರಾಮದುರ್ಗದಲ್ಲಿ ಅರಿವೆ ಬಟ್ಟೆಯ ಅಂಗಡಿಯಲ್ಲಿದ್ದ. ಕಟ್ಟೆಯ ಗಂಡಸರೂ ಆ ಹೊತ್ತಿಗೆ ಹೊಲಕ್ಕೆ ಹೋಗಿದ್ದರು. ಕೊನೆಗೆ ಗಂಗವ್ವನೇ ಮುಂದಾದಳು. “ತಂಗೀ, ಅದರ ಹೆಸರ ಬ್ಯಾರೆ ಐತಿ. ಶ್ರೀಶೈಲದಾಗ ಇರತಾನಲ್ಲ, ಆ ದೇವರ ಹೆಸರಿಂದು.”

“ಶಿವಾನ್ರಿ?” ಎಂದಳು ಹುಡುಗಿ.

“ಅಂವನ. ಆದ್ರ ಆ ಹೆಸರಲ್ಲ.”

“ಶಂಕರ? ಈಶ್ವರ?”

“ಅಷ್ಟು ದೂರ ಹೋಗಬ್ಯಾಡ, ಸಮೀಪ ಬಾ. ಹೂವಿನಾಗೂ ಐತಿ ನೋಡು, ಯಕ್ಕ ಮುಡೀತಿದ್ಲಲ್ಲ ಬಿಳಿ ಹೂ.”

“ಸೇವಂತಿ?” ಎಂದಳು ಹುಡುಗಿ. ಏಣಿಯ ಮೇಲಿದ್ದ ಹುಡುಗರು ನಕ್ಕರು. ಗಂಗವ್ವನಿಗೂ ನಗು ಬಂತು. ನನಗೂ ಬರುತ್ತಿತ್ತು, ಅಷ್ಟರಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಂದು, “ಯಕ್ಕಾ, ಒಡಪು ಹಾಕಿ ಹೇಳಿಬಿಡ. ಒಡಪಿನಾಗ ಹೇಳಿದ್ರ ಏನೂ ಆಗೂದಿಲ್ಲ,” ಎಂದಳು.

ಒಡಪು ಎಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ಲಗ್ನ, ಸೀಮಂತದ ಕುಬುಸದಂಥ ಸಂಭ್ರಮದಲ್ಲಿ ಹೆಂಗಸರು ಎರಡು ಸಾಲಿನ ಪದ ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಹೆಣೆದು ಹೇಳುತ್ತಾರೆ. ನಮ್ಮ ಬಾಯಿಗೆ ಹಾಕಿದ ಬೀಗಕ್ಕೆ ಅದೊಂದೇ ಕೀಲಿ. ನಾಚಿಕೆಯ ನಾನು ಕೂಡ ಒಡಪಿನಲ್ಲಿ ಹಿಂದೆ ಬಿದ್ದವಳಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತ ನಿಮ್ಮ ಅಜ್ಜ ಕೆಮ್ಮಿ, ಕೇಳಿಸಿತೆಂದು ತಿಳಿಸುತ್ತಿದ್ದರು. ಆದರೆ ಒಡಪು ಮುತ್ತೈದೆಯರ ಮಾತು. ಕುಂಕುಮ ಹೋದ ದಿನ ಅದೂ ಹೋಗುತ್ತದೆ. ಗಂಗವ್ವ ಕೆಟ್ಟವಳಲ್ಲ, ಆ ಗಡಿಬಿಡಿಯಲ್ಲಿ ನಾನು ಯಾರೆಂಬುದನ್ನು ಮರೆತಿದ್ದಳು. ನೆನಪಾದೊಡನೆ ಅವಳ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಅವರ ಮೇಷ್ಟರು ಬಂದರು. ಕನ್ನಡಕ ಹಾಕಿದ, ಬಹಳ ಮರ್ಯಾದೆಯ ಮನುಷ್ಯ. “ಏನ್ರಿ ಅಮ್ಮಾರ, ಏನರ ತಪ್ಪಾಗೈತೇನ್ರಿ? ಹೇಳ್ರಿ, ಬಣ್ಣ ಹಸೀ ಐತಿ, ಅಳಿಸಿ ಬರಸ್ತೇನಿ,” ಎಂದರು. ಶಿಬಿರದ ಹತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಹೆಸರು ನಾಲಿಗೆಯ ತುದಿಗೆ ಬಂದಿತ್ತು, ನಾನು ಬಲ್ಲೆ. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆಯೇ: “ಏನಿಲ್ರಿ, ಭಾಳ ಛಲೋ ಬರದಾರ್ರಿ.” ಕೊಡ ಎತ್ತಿಕೊಂಡು ಮನೆಗೆ ಬಂದೆ. ನೀರು ತುಂಬುವುದನ್ನೇ ಮರೆತಿದ್ದೆ ಎಂದು ಒಲೆಯ ಮುಂದೆ ಕುಳಿತಾಗ ತಿಳಿಯಿತು.

ನನ್ನ ಮೈದುನ ಶ್ರೀಶೈಲದಿಂದ ಬಂದವನು ಗೋಡೆ ನೋಡಿ ಕಟ್ಟೆಯವರ ಜೊತೆ ಜಗಳ ತೆಗೆದ. ಅವರು ತಿರುಗಿ, “ಅವರ ಮನಿಯಾಕಿನ ಹೇಳ್ಯಾಳಂದ ಮ್ಯಾಲ ಅದ ಖರೆ ಹೆಸರು. ಆಕೀಗಿಂತ ನಮಗ ಹೆಚ್ಚು ಗೊತ್ತೇನು?” ಎಂದರಂತೆ. ನನ್ನ ಮಾತಿಗೆ ಊರಿನಲ್ಲಿ ಇಷ್ಟು ಬೆಲೆಯಿದೆ ಎಂದು ಅದಕ್ಕೂ ಮೊದಲು ನನಗೆ ಗೊತ್ತಿರಲಿಲ್ಲ, ಆಮೇಲೂ ಅದು ಕಾಣಲಿಲ್ಲ. ಮುಂದೆ ಪಂಚಾಯ್ತಿಯವರು ಒಡ್ಡಿಗೆ ಸಿಮೆಂಟು ಬಳಿದು ರಿಪೇರಿ ಮಾಡಿದರು. ಗೋಡೆಯ ನಕಾಶೆ ನೋಡಿಯೇ ಕಲ್ಲು ಕೆತ್ತಿಸಿ ನಿಲ್ಲಿಸಿದರು: ಬನ್ನಿಗಿಡದ ಒಡ್ಡು. ರಿಪೇರಿಗೆ ಬಂದ ಟ್ರಾಕ್ಟರು ತಿರುಗಲು ಜಾಗ ಸಾಲದೆಂದು ಬನ್ನಿಗಿಡವನ್ನು ಕಡಿದರು. ಈಗ ಕಟ್ಟಿದವನೂ ಇಲ್ಲ, ಗಿಡವೂ ಇಲ್ಲ, ಕಲ್ಲಿನ ಮೇಲೆ ಇಲ್ಲದ ಗಿಡದ ಹೆಸರಿದೆ.

ನಿಮ್ಮ ಅಪ್ಪ ಬಂದಾಗ ಹೇಳಿದೆ. ಅವನು ಕಲ್ಲಿನ ಮುಂದೆ ನಿಂತು ತನ್ನ ತಂದೆಯ ಹೆಸರನ್ನು ಉಪ್ಪು ಕೇಳಿದಷ್ಟು ಸಲೀಸಾಗಿ ಹೇಳಿ, “ಇದ್ದದ್ದು ಹಂಗ, ಆಗಿದ್ದು ಹಿಂಗ. ಕಲ್ಲಾಗ ಕೆತ್ಯಾರ, ಇನ್ನ ಯಾರು ತಿದ್ದತಾರ? ಬಿಡವ್ವಾ,” ಎಂದ. ಅವನು ಆಡಿದ್ದರಲ್ಲಿ ನಾನು ಕೇಳಿಸಿಕೊಂಡದ್ದು ಹೆಸರೊಂದನ್ನೇ. ಮನೆಯಲ್ಲಿ ಆ ಹೆಸರನ್ನು ಯಾರೂ ಜೋರಾಗಿ ಹೇಳಿ ಎಷ್ಟು ಕಾಲವಾಗಿತ್ತು. ಇನ್ನೊಮ್ಮೆ ಹೇಳೆಂದು ಕೇಳೋಣವೆನಿಸಿತು, ಕೇಳಲಿಲ್ಲ.

ಕಳೆದ ಬೇಸಿಗೆ ಸೂಟಿಯಲ್ಲಿ ನಿಮ್ಮಲ್ಲಿ ಸಣ್ಣವಳು ಅಕ್ಷತಾ ಬಂದಿದ್ದಾಗ ಅವಳನ್ನು ಒಡ್ಡಿನ ಕಡೆಗೆ ಕರೆದುಕೊಂಡು ಹೋಗಿದ್ದೆ. “ಆಯಿ, ಇದನ್ನ ಕಟ್ಟಿದವರು ಯಾರು?” ಎಂದಳು. “ನಿಮ್ಮಜ್ಜ,” ಎಂದೆ. “ಅಜ್ಜನ ಹೆಸರೇನು?” ಎಂದಳು. “ನಿಮ್ಮಪ್ಪನ್ನ ಕೇಳು,” ಎಂದೆ. ಅವಳು ಕೇಳಲಿಲ್ಲ, ಆಟಕ್ಕೆ ಓಡಿದಳು. ಆ ರಾತ್ರಿಯೇ ನಿಶ್ಚಯಿಸಿದೆ: ಬಾಯಲ್ಲಿ ಆಗದಿದ್ದರೆ ಬರೆದಿಡೋಣ, ಕಾಗದಕ್ಕೆ ಕಿವಿಯಿಲ್ಲ. ನಾಲ್ಕನೆಯ ಇಯತ್ತೆಯತನಕ ಸಾಲಿಯಲ್ಲಿ ಕಲಿತ ಕನ್ನಡದಲ್ಲಿ, ಹಿಂಜಿ ಹಿಂಜಿ, ಇಷ್ಟನ್ನೆಲ್ಲ ಬರೆದದ್ದು ಆ ಒಂದು ಹೆಸರಿಗಾಗಿ. ಬರೆದು ಇಲ್ಲಿಗೆ ಬಂದೆ. ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಮೊದಲ ಅಕ್ಷರ ಬರೆಯುವ ಮೊದಲು ಸೆರಗು ಮುಂದೆ ಬಂತು. ಆದ್ದರಿಂದ ಕೆಳಗೆ ಜಾಗ ಬಿಟ್ಟಿದ್ದೇನೆ. ನೀವೇ ತುಂಬಿಕೊಳ್ಳಿ, ತುಂಬಿದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ. ನಾನು ಅಡಿಗೆಮನೆಯಲ್ಲಿ ಇರುತ್ತೇನೆ, ಕೇಳಿಸದವಳಂತೆ.

...................... ನ ಒಡ್ಡು.