ಎದುರು ಒಂದು ಲೇಡೀಸ್

ಭೂಗೋಳ ಕಲಿಸಿದವನಿಗೆ ದಿಕ್ಕು ಗೊತ್ತಿರುತ್ತದೆ ಎಂಬುದು ಜನರ ತಪ್ಪು ಕಲ್ಪನೆ. ನಿವೃತ್ತಿಯಾಗುವವರೆಗೂ ಕಾರ್ಕಳದ ಹೈಸ್ಕೂಲಿನಲ್ಲಿ ಅಕ್ಷಾಂಶ ರೇಖಾಂಶಗಳನ್ನು ಬಾಯಿಪಾಠ ಮಾಡಿಸಿದ ನಾನು ಕಾಪುವಿನ ಮನೆಗೆ ದಿನಾ ತಲುಪುತ್ತಿದ್ದದ್ದು ಭೂಗೋಳದ ಬಲದಿಂದಲ್ಲ, ಕಂಡಕ್ಟರನ ಕೃಪೆಯಿಂದ. ನಿಟ್ಟೆಯಲ್ಲಿ ಹತ್ತುವ ಕಾಲೇಜು ಮಕ್ಕಳ ಬ್ಯಾಗುಗಳ ನಡುವೆ ಸಿಕ್ಕಿ ಎಷ್ಟೇ ನಿದ್ದೆ ಹೋದರೂ, "ಮಾಷ್ಟ್ರೇ, ಇಳಿಯಿರಿ" ಎಂದು ಅವನು ಎಬ್ಬಿಸುತ್ತಿದ್ದ. ನಾನು ಇಳಿಯುತ್ತಿದ್ದೆ. ಎಲ್ಲಿ ಇಳಿದೆ ಎಂದು ನೋಡುವ ಅಗತ್ಯವೂ ಇರಲಿಲ್ಲ.

ನಮ್ಮ ಕಡೆಯ ಬಸ್ಸಿಗೆ ಎರಡು ಬಾಗಿಲು. ಎದುರಿನದ್ದು ಹೆಂಗಸರಿಗೆ, ಹಿಂದಿನದ್ದು ಗಂಡಸರಿಗೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಸುಮತಿಯನ್ನು ಉಡುಪಿಗೆ ಕರೆದುಕೊಂಡು ಹೋದದ್ದೂ ಹಾಗೆಯೇ. ಅವಳು ಎದುರು, ನಾನು ಹಿಂದೆ. ನಡುವೆ ಮೀನಿನ ಬುಟ್ಟಿಗಳೂ ನಲವತ್ತು ತಲೆಗಳೂ. ಹೊಸ ಮದುಮಗನಾದ ನನಗೆ ಕಂಡದ್ದು ಅವಳ ಜಡೆಯ ಮಲ್ಲಿಗೆ ಮಾತ್ರ, ಅದೂ ಕಟಪಾಡಿಯವರೆಗೆ. ಅಲ್ಲಿ ಮಲ್ಲಿಗೆ ಮುಡಿದವರೇ ಇನ್ನೂ ನಾಲ್ಕು ಜನ ಹತ್ತಿದರು. ಅಂದಿನಿಂದ ಇಂದಿನವರೆಗೂ ಕಂಡಕ್ಟರ್ ಟಿಕೆಟ್ ಕೇಳಿದರೆ ನಾನು "ಎದುರು ಒಂದು ಲೇಡೀಸ್ ಉಂಟು" ಎನ್ನುತ್ತೇನೆ. ಅವಳು "ಹಿಂದೆ ಇದ್ದಾರೆ" ಎನ್ನುತ್ತಾಳೆ. ನಮ್ಮ ದಾಂಪತ್ಯದಲ್ಲಿ ಜಗಳ ಕಡಿಮೆಯಾಗಿರುವುದಕ್ಕೆ ಈ ಏರ್ಪಾಡೇ ಕಾರಣವೆಂದು ನನ್ನ ಗುಮಾನಿ.

ಇಂಥ ನಮ್ಮಿಬ್ಬರನ್ನು ನನ್ನ ತಂಗಿಯ ಮಗ ಪ್ರಶಾಂತ ಮಲೇಷ್ಯಾಕ್ಕೆ ಕರೆಸಿಕೊಂಡ. ಕ್ವಾಲಾಲಂಪುರದಲ್ಲಿ ಅವನಿಗೆ ಕೆಲಸ. ಅಲ್ಲಿ ರೈಲು ಊರಿನ ತಲೆಯ ಮೇಲೆಯೇ ಓಡುತ್ತದೆ. ಡ್ರೈವರ್ ಇಲ್ಲ, ಕಂಡಕ್ಟರ್ ಇಲ್ಲ, ವಿಸಿಲ್ ಇಲ್ಲ. ರೈಲಿನ ಎರಡು ತುದಿಯೂ ಒಂದೇ ತರಹ. ಒಂದು ದಿನ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಪ್ರಶಾಂತ, "ಎಂತ ಕಷ್ಟ ಇಲ್ಲ ಮಾವ. ಸಂಜೆ ನೀವಿಬ್ಬರೂ ರೈಲು ಹತ್ತಿ ಬನ್ನಿ, ಊಟಕ್ಕೆ ಹೊರಗೆ ಹೋಗುವ. ಸ್ಟೇಷನ್ನಿನ ಹೆಸರು ಅತ್ತೆಯ ಫೋನಿಗೆ ಕಳಿಸಿದ್ದೇನೆ" ಎಂದ. ನನ್ನ ಫೋನು ಅಲ್ಲಿ ಕೆಲಸ ಮಾಡುತ್ತಿರಲಿಲ್ಲ. ಆ ಹೆಸರನ್ನು ನಾನೂ ಒಮ್ಮೆ ಓದಿ ಮರೆತೆ.

ಸಂಜೆ ಪ್ಲಾಟ್‌ಫಾರ್ಮಿಗೆ ಹೋದರೆ ಎರಡೂ ಪಕ್ಕದಲ್ಲಿ ಒಟ್ಟಿಗೇ ರೈಲು ಬಂದು ನಿಂತವು. ಸುಮತಿ ಅಭ್ಯಾಸಬಲದಿಂದ ಎದುರಿಗೆ ಓಡಿದಳು. ನಾನು ಅಭ್ಯಾಸಬಲದಿಂದ ಹಿಂದಕ್ಕೆ ಓಡಿ, ಹತ್ತಿರದಲ್ಲಿ ತೆರೆದಿದ್ದ ಬಾಗಿಲು ಹೊಕ್ಕೆ. ರೈಲು ಹೊರಟಿತು. ಎದುರಿನ ಲೇಡೀಸನ್ನು ನೋಡೋಣವೆಂದು ಕತ್ತೆತ್ತಿದರೆ ಎದುರು ಯಾರೂ ಇಲ್ಲ! ಒಂದು ದೊಡ್ಡ ಗಾಜು, ಅದರಾಚೆ ನನ್ನ ಕಡೆಗೇ ಓಡಿಬರುತ್ತಿರುವ ಹಳಿ. ಹಿಂದೆಂದು ಹತ್ತಿದವನು ನಾನು ರೈಲಿನ ಮೂತಿಯಲ್ಲೇ ನಿಂತಿದ್ದೆ. ಅಂದರೆ ಎದುರು ಹತ್ತಿದ ಸುಮತಿ ಹಿಂದೆ ಇರಬೇಕು. ಕೊನೆಯವರೆಗೂ ಹೋಗಿ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡಿದೆ. ಇಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಪರದೇಶದಲ್ಲಿ ಹೆಂಡತಿಯನ್ನು ಕಳೆದುಕೊಂಡೆನಲ್ಲ!

ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ತಲೆಗೆ ಬಟ್ಟೆ ಕಟ್ಟಿದ್ದ ಸಿಬ್ಬಂದಿ ಹುಡುಗಿಗೆ ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ಹೆಂಡತಿ ಕಾಣೆಯಾದದ್ದನ್ನು ಹೇಳಿದೆ. "ಎಲ್ಲಿ ಹತ್ತಿದರು?" ಎಂದು ಕೇಳಿದಳು. "ಎದುರು" ಎಂದೆ. "ಯಾವ ಎದುರು?" ಎಂದಳು. ಭೂಗೋಳದ ಮಾಷ್ಟ್ರು ಎರಡೂ ದಿಕ್ಕಿಗೆ ಕೈ ತೋರಿಸಿದರು. "ಎಲ್ಲಿಗೆ ಹೋಗಬೇಕು?" ಎಂದಳು. ಅದೂ ಗೊತ್ತಿಲ್ಲ. ಪಾಪ, ನನ್ನ ಕೈಹಿಡಿದು ಆಚೆ ಬದಿಯ ರೈಲಿಗೆ ಹತ್ತಿಸಿ, ಹೊರಟಲ್ಲಿಗೇ ಕಳಿಸಿದಳು.

ಅಲ್ಲಿ ನಿಂತು ಬಂದ ರೈಲಿನದ್ದೆಲ್ಲ ಎದುರು ಬಾಗಿಲನ್ನೇ ದಿಟ್ಟಿಸಿದೆ. ಎದುರು ಯಾವುದೆಂದು ಗೊತ್ತಾಗದ ಕಾರಣ ಎರಡೂ ತುದಿಗೆ ಓಡಾಡಿದೆ. ಎಷ್ಟೋ ಹೊತ್ತಿನ ಮೇಲೆ ಬೆನ್ನ ಹಿಂದಿನಿಂದ "ಎಂತ ಹುಡುಕುವುದು ನೀವು?" ಎಂಬ ಸ್ವರ ಕೇಳಿಸಿತು. ಸುಮತಿ! ಪಕ್ಕದಲ್ಲಿ ನಗು ತಡೆದುಕೊಂಡ ಪ್ರಶಾಂತ. ಅವಳು ಹತ್ತಿದ್ದೇ ಸರಿಯಾದ ರೈಲಂತೆ, ನಾನು ಹೊಕ್ಕದ್ದು ಆಚೆ ಪಕ್ಕದ್ದು. "ಇಳಿದು ನೋಡಿದರೆ ನೀವಿಲ್ಲ. ಇವ ಅಲ್ಲೇ ಕಾಯುವ ಅಂದ. ನಾನೇ ಹೇಳಿದೆ, ಅವರಿಗೆ ಹತ್ತಿದ ಜಾಗ ಬಿಟ್ಟರೆ ಬೇರೆ ಗೊತ್ತಿಲ್ಲ ಮಾರಾಯ ಅಂತ" ಎಂದಳು.

"ರೈಲಿನೊಳಗೆ ಒಮ್ಮೆ ತಿರುಗಿ ನೋಡಬಾರದಿತ್ತಾ?" ಎಂದು ರೇಗಿದೆ.

"ಊರಿನಲ್ಲಿ ಯಾವತ್ತಾದರೂ ನೋಡಿದ್ದು ಉಂಟಾ? ನೀವು ಹಿಂದೆ ಇರ್ತೀರಿ ಅಲ್ವಾ?" ಎಂದಳು. ನನ್ನ ಕಣ್ಣು ಸ್ವಲ್ಪ ಮಂಜಾಯಿತು ಎಂದರೂ ತಪ್ಪಿಲ್ಲ.

ಇನ್ನು ಸುಮತಿ ಹತ್ತಿದ ಬಾಗಿಲಿನಲ್ಲೇ ನಾನೂ ಹತ್ತುವುದು ಎಂದು ಊರಿಗೆ ಮರಳುವಾಗ ಶಪಥ ಮಾಡಿದೆ. ಮೊನ್ನೆ ಕಟಪಾಡಿಯಲ್ಲಿ ಮದುವೆಯೂಟ ಮುಗಿಸಿ ಕಾಪುವಿನ ಬಸ್ಸಿಗೆ ಅವಳ ಬೆನ್ನಿಗೇ ಎದುರು ಮೆಟ್ಟಿಲ ಮೇಲೆ ಕಾಲಿಟ್ಟೆ. "ಎದುರು ಲೇಡೀಸ್ ಅಲ್ವಾ? ಹಿಂದೆ ಹತ್ತಿ ಮಾರಾಯ್ರೆ!" ಎಂದು ಕಂಡಕ್ಟರ್ ಕೂಗಿದ. ನಾಚಿಕೊಂಡು ಇಳಿದು, ಪಂಚೆ ಎತ್ತಿ ಹಿಂದಿನ ಬಾಗಿಲಿಗೆ ಓಡುವಷ್ಟರಲ್ಲಿ "ರೈಟ್, ಪೋಯಿ!" ಎಂದ. ಬಸ್ಸು ಹೊರಟೇಬಿಟ್ಟಿತು. ಕಿಟಕಿಯಲ್ಲಿ ಸುಮತಿ ಕಂಡಳು. ಟಿಕೆಟ್ ಕೇಳಿರಬೇಕು, ತಿರುಗಿಯೂ ನೋಡದೆ ಕೈಯನ್ನು ಮಾತ್ರ ಹಿಂದಕ್ಕೆ ತೋರಿಸಿದಳು. ಅವಳ ಮಾತು ಸುಳ್ಳಾಗಲಿಲ್ಲ. ನಾನು ಹಿಂದೆಯೇ ಇದ್ದೆ, ಬಸ್ಸಿನೊಳಗೆ ಮಾತ್ರ ಇರಲಿಲ್ಲ.