ದೇಣಿಗೆ ವಾಪಸ್

ಬೆಳಗಿನ ಎರಡನೇ ಕಾಫಿ ಗಂಟಲಿನಿಂದ ಇಳಿಯುವ ಮೊದಲೇ ಎದುರುಮನೆಯ ಸರೋಜಮ್ಮ ಮೊಬೈಲನ್ನು ಮಂಗಳಾರತಿ ತಟ್ಟೆಯಂತೆ ಹಿಡಿದುಕೊಂಡು ವಾಗೀಶರ ಮನೆಗೆ ನುಗ್ಗಿದರು.

"ನೋಡಿದ್ರಾ? ನಿಮ್ಮ ಗೋವಿಂದರಾಜು ಅವರ ಎಲೆಕ್ಷನ್‌ಗೆ ಎರಡು ಲಕ್ಷ ಕೊಟ್ಟನಲ್ಲ, ಕಡಕೊಳದ ಸಿದ್ದೇಶ್, ಅವನು ತಾಮ್ರದ ತಂತಿ ಕದ್ದು ಜೈಲಿಗೆ ಹೋಗಿ ಬಂದೋನಂತೆ ಕಣ್ರೀ! ಇಡೀ ಯಾದವಗಿರಿಗೆ ಗೊತ್ತಾಗ್ಬುಟ್ಟಿದೆ."

ಯಾರಿಂದ ಗೊತ್ತಾಯಿತು ಎಂದು ವಾಗೀಶರು ಕೇಳಲಿಲ್ಲ.

ವಾಗೀಶರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಪಕ್ಕದ ಮನೆಯ ಗೋವಿಂದರಾಜು ನಗರಪಾಲಿಕೆ ಚುನಾವಣೆಗೆ 'ಕಪ್ಪುಚುಕ್ಕೆಯಿಲ್ಲದ ಅಭ್ಯರ್ಥಿ' ಎಂದು ಬ್ಯಾನರ್ ಕಟ್ಟಿಸಿ ನಿಂತಾಗ ಇವರನ್ನೇ ಖಜಾಂಚಿ ಮಾಡಿದ್ದರು. ಇರುವೆ ಸಾಲು ಕಂಡರೆ ನಿಂತು ದಾರಿ ಬಿಡುವ ಮನುಷ್ಯನ ಮೇಲೆ ಯಾರಿಗೆ ತಾನೇ ಅನುಮಾನ ಬಂದೀತು?

ಚುನಾವಣಾ ಕಚೇರಿಯಲ್ಲಿ ಗೋವಿಂದರಾಜು ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಚಟಪಟಿಸುತ್ತಿದ್ದರು. "ಮಧ್ಯಾಹ್ನ ಪತ್ರಿಕಾಗೋಷ್ಠಿ ಇದೆ ಮೇಷ್ಟ್ರೇ! ಅಷ್ಟರೊಳಗೆ ಅವನ ದುಡ್ಡನ್ನ ಅವನ ಮುಖಕ್ಕೆ ಎಸೆದು ಬನ್ನಿ!"

"ಮುಖಕ್ಕಾ?"

"ಕೈಗೇ ಕೊಡಿ. ಒಟ್ನಲ್ಲಿ ವಾಪಸ್ ಆಗ್ಬೇಕು."

ಚೆಕ್ ಜೇಬಿಗಿಟ್ಟುಕೊಂಡು ವಾಗೀಶರು ಸ್ಕೂಟರ್ ಏರಿದರು. ನಂಜನಗೂಡು ರಸ್ತೆಯುದ್ದಕ್ಕೂ ಮಾತು ಜೋಡಿಸಿದರು, ಬಾಯಿಪಾಠ ಮಾಡಿದರು. ಕಡಕೊಳದ ಪಶುಆಹಾರದ ಗಿರಣಿಯಲ್ಲಿ ಸಿದ್ದೇಶ್ ಕಾಣಿಸಿದ್ದೇ ತಡ, ಎಲ್ಲ ಮರೆತುಹೋಯಿತು. ಆಳೆತ್ತರದ ಮೂಟೆಯನ್ನು ಹೆಗಲ ಮೇಲೆ ತಲೆದಿಂಬಿನಂತೆ ಇಟ್ಟುಕೊಂಡು ನಿಂತಿದ್ದ ಅವನು.

"ಚೆಕ್ಕು... ವಾಪಸ್ಸು... ತಪ್ಪು ತಿಳೀಬೇಡಿ," ಎಂದರು ವಾಗೀಶರು.

ಸಿದ್ದೇಶ್ ಮೂಟೆಯನ್ನು ಧೊಪ್ಪನೆ ಕೆಡವಿದ. ವಾಗೀಶರು ಕಣ್ಣು ಮುಚ್ಚಿಕೊಂಡರು. ತೆರೆದಾಗ ಅವನ ಅಪ್ಪುಗೆಯಲ್ಲಿದ್ದರು, ಕಾಲು ನೆಲದ ಮೇಲಿರಲಿಲ್ಲ.

"ಮಾದಪ್ಪನೇ ಕಳಿಸ್ದಂಗೆ ಬಂದ್ರಿ ಮೇಷ್ಟ್ರೇ! ನೆನ್ನೆ ಮಗಳನ್ನ ನೋಡಕ್ಕೆ ಗಂಡಿನೋರು ಬಂದಿದ್ರು. ಜೈಲಿಗೆ ಓಗಿದ್ದೆ ಅಂತ ನಾನೇ ಯೋಳ್ದೆ. 'ವಯಸ್ಸಲ್ಲಿ ಆಯ್ತದೆ ಬುಡಿ' ಅಂದ್ರು. ಎಲೆಕ್ಷನ್‌ಗೆ ದುಡ್ಡು ಕೊಟ್ಟಿವ್ನಿ ಅಂದೇಟ್ಗೆ ಕಾಫಿನೂ ಕುಡೀದೆ ಎದ್ಬುಟ್ರು! ಈಗ್ಲೇ ಫೋನ್ ಮಾಡ್ತೀನಿ, ನಮ್ಗೂ ರಾಜಕೀಯಕ್ಕೂ ಸಂಬಂಧ ಇಲ್ಲ ಅಂತ."

ಚೆಕ್ ಅವನ ಕೈಗಿಟ್ಟು, ಎಳನೀರು ಕುಡಿದು ವಾಗೀಶರು ಹಗುರಾಗಿ ಹಿಂತಿರುಗಿದರು. ಅಷ್ಟರಲ್ಲಿ ಪತ್ರಿಕಾಗೋಷ್ಠಿ ಶುರುವಾಗಿತ್ತು. ಸ್ಥಳೀಯ ಚಾನೆಲ್ಲಿನ ಭಾನುಪ್ರಿಯಾ ಕೇಳುತ್ತಿದ್ದಳು: "ಸರ್, ಜೈಲಿಗೆ ಹೋಗಿ ಬಂದ ಸಿದ್ದೇಶ್ ಅವರ ಎರಡು ಲಕ್ಷ ನಿಮ್ಮ ಖಾತೇಲಿದ್ಯಂತಲ್ಲ?"

ಗೋವಿಂದರಾಜು ಬೆವರಿದರು. ಬಾಗಿಲಲ್ಲಿ ವಾಗೀಶರು ಕಂಡರು. ಮುಳುಗುವವನಿಗೆ ದೋಣಿಯೇ ಸಿಕ್ಕಂತಾಯಿತು.

"ಯಾವ ಸಿದ್ದೇಶ್? ಆ ಎರಡು ಲಕ್ಷ ಕೊಟ್ಟಿದ್ದು ನಮ್ಮ ಖಜಾಂಚಿ ವಾಗೀಶರು! ಅಗೋ, ಬಂದೇಬಿಟ್ರು ಮಹಾನುಭಾವರು!"

ಚಪ್ಪಾಳೆ ಬಿತ್ತು. ಕ್ಯಾಮೆರಾ ತಿರುಗಿತು.

"ಸರ್, ಮೇಷ್ಟ್ರ ಪೆನ್ಷನ್ನಲ್ಲಿ ಎರಡು ಲಕ್ಷ ದಾನ ಹೇಗೆ ಸಾಧ್ಯ? ಎಲ್ಲಿಂದ ಬಂತು ದುಡ್ಡು?"

ವಾಗೀಶರು 'ಅದು ನನ್ನದಲ್ಲ' ಎನ್ನಲು ಮುಂದೆ ಬಂದರು.

ಹಿಂದಿನ ಕುರ್ಚಿಯಿಂದ ಸರೋಜಮ್ಮನ ದನಿ ಬಂತು: "ನಾನೂ ಅದೇ ಅಂದ್ಕೊಂಡೆ. ಹೋದ ವಾರ ಗೇಟಿಗೆ ಬೇರೆ ಹೊಸಾ ಬಣ್ಣ!"

ಬಣ್ಣ ಹಚ್ಚಿದ್ದು ವಾಗೀಶರೇ, ಉಳಿದಿದ್ದ ಹಳೇ ಡಬ್ಬದಿಂದ. ಕೇಳುವವರು ಯಾರು?

ಗೋವಿಂದರಾಜು ಮೇಜು ಕುಟ್ಟಿದರು. "ಅನುಮಾನ ಬಂದ ಮೇಲೆ ಮುಗೀತು! ಕಳಂಕಿತರ ದುಡ್ಡು ನಮಗೆ ಬೇಡ. ವಾಗೀಶರ ಎರಡು ಲಕ್ಷ ಈ ಕ್ಷಣವೇ ವಾಪಸ್! ಖಜಾಂಚಿ ಸ್ಥಾನದಿಂದಲೂ ವಜಾ!" ಆಮೇಲೆ ಕಿವಿಯಲ್ಲಿ ಪಿಸುಗುಟ್ಟಿದರು: "ಮುಟ್ಟಿತು ಅಂತ ಒಂದು ಸಹಿ ಹಾಕ್ಬಿಡಿ ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ."

ವಾಗೀಶರು ಅರೆಕ್ಷಣ ಯೋಚಿಸಿದರು. ಇನ್ನು ಯಾರ ಮನೆ ಬಾಗಿಲಿಗೂ ಹೋಗಿ ಚಂದಾ ಎತ್ತಬೇಕಿಲ್ಲ. ಯಾರ ಚೆಕ್ಕೂ ಹೊರಬೇಕಿಲ್ಲ. ಮುಖವರಳಿಸಿಕೊಂಡು, ಜೀವಮಾನದಲ್ಲೇ ಅಂದವಾದ ಸಹಿಯನ್ನು ಕ್ಯಾಮೆರಾ ಮುಂದೆ ಹಾಕಿದರು. ಹೆಂಡತಿಗೆ ಒಂದು ಮೊಳ ಮಲ್ಲಿಗೆ ಕೊಂಡು, ಗುನುಗುತ್ತಾ ಮನೆ ಸೇರಿದರು.

ರಂಜನಿ ರೇಷ್ಮೆ ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದರು.

"ಟೀವೀಲಿ ಎಲ್ಲಾ ನೋಡ್ದೆ. ವಜಾ ಮಾಡಿದ್ದೇ ಒಳ್ಳೇದಾಯ್ತು ಬಿಡಿ."

"ಹೌದು ಕಣೇ, ಈಗ ಜೀವ ಬಂತು," ಎಂದರು ವಾಗೀಶರು, ಮಲ್ಲಿಗೆ ಚಾಚುತ್ತಾ.

ರಂಜನಿ ಹೂವು ಮುಡಿದರು. ಆಮೇಲೆ ಕೈ ಚಾಚಿದರು.

"ನನಗೆ ತಿಳೀದ ಹಾಗೆ ಎಲ್ಲಿಟ್ಟಿದ್ರೋ, ಅದು ನಾಳೆ ಕೇಳ್ತೀನಿ. ಈಗ ಆ ಎರಡು ಲಕ್ಷ ಕೊಡಿ. ಬಳೆ ಅಂಗಡೀಗೆ ಫೋನ್ ಮಾಡಿಯಾಗಿದೆ. ಆಟೋ ಬಂತು."